ಮೂರು ಗಂಟೆಯೊಳಗೆ ಒಂದು ಹೆಸರು

ಮೊದಲಿಗೆ ಒಂದು ಕ್ಷಮಾಪಣೆ ಸಲ್ಲಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅದರ ಹೆಮ್ಮೆಗಿಂತ ಅದರ ಭಯವೇ ನನಗೆ ಹೆಚ್ಚು. ಬರೆಯಲು ಕುಳಿತಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತು ನನ್ನ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಾಳೆ ನೋಡುತ್ತಿದ್ದಾರೆ ಎನ್ನಿಸುತ್ತದೆ. ಹತ್ತನೆಯ ತರಗತಿಯವರೆಗೆ ಮಂಡ್ಯದ ಸರ್ಕಾರಿ ಶಾಲೆಯಲ್ಲಿ ಕಲಿತ ಕನ್ನಡವು, ಅಮೆರಿಕಾದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ಗೆ ಬಂದ ಮೇಲೆ, ಅಮ್ಮನ ಮಸಾಲೆ ಡಬ್ಬಿಗಳ ಮೇಲೆ ಚೀಟಿ ಬರೆದು ಅಂಟಿಸುವುದಕ್ಕಷ್ಟೇ ಉಪಯೋಗವಾಯಿತು. ಆದ್ದರಿಂದ ಈ ಬರಹದಲ್ಲಿ ಕ್ರಮ ತಪ್ಪಿದ್ದರೆ, ಹಿಂದಿನದು ಮುಂದಾಗಿ ಮುಂದಿನದು ಹಿಂದಾಗಿದ್ದರೆ, ಬಲ್ಲವರು ಮನ್ನಿಸಬೇಕು.

ನಾನು ಬರೆಯಹೊರಟಿರುವ ಹಿರಿಯರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಅದು ಅವರ ಮಗಳ ಕೋರಿಕೆ. "ಅಪ್ಪನ ಬಗ್ಗೆ ಏನ್ ಬೇಕಾದ್ರೂ ಬರಿಯಮ್ಮ, ಹೆಸರು ಮಾತ್ರ ಹಾಕ್ಬೇಡ. ಅವರ ಪ್ರಿಡಿಕ್ಷನ್ ನಂಬಿ ಬೆಟ್ ಕಟ್ಟಿದೋರು ಇನ್ನೂ ಜಾನ್ಸ್ ಕ್ರೀಕಲ್ಲೇ ಇದಾರೆ" ಎಂದು ಅವರು ಫೋನಿನಲ್ಲಿ ಹೇಳಿದರು. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಬಿ ಫಾರಂ ಅಂಕಲ್ ಎಂದು.

ಅವರು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಶಿರಸ್ತೇದಾರರಾಗಿ ನಿವೃತ್ತರಾದವರು. ಪತ್ನಿ ತೀರಿಕೊಂಡ ಮೇಲೆ, ಲಾರೆನ್ಸ್‌ವಿಲ್‌ಗೆ ಹತ್ತಿರದ ಜಾನ್ಸ್ ಕ್ರೀಕಿನಲ್ಲಿದ್ದ ಮಗಳ ಮನೆಗೆ ಬಂದರು. ಅಳಿಯ ಆಫೀಸಿಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಅವರನ್ನು ಲಾರೆನ್ಸ್‌ವಿಲ್‌ನ ನಮ್ಮ ಹೋಟೆಲಿನ ಮುಂದೆ ಇಳಿಸಿ ಹೋಗುತ್ತಿದ್ದರು. ನಮ್ಮ ಹೋಟೆಲು ಎಂದದ್ದು ರೂಢಿಯ ಮಾತು. ಅದರ ಮಾಲೀಕರು ಹುಬ್ಬಳ್ಳಿಯವರು, ನಮ್ಮ ತಂದೆ ಅಲ್ಲಿಯ ಅಡುಗೆಯವರು, ತಾಯಿ ಹಿಟ್ಟು ರುಬ್ಬುವವರು, ನಾನು ಕಾಲೇಜಿಲ್ಲದ ವೇಳೆಯಲ್ಲಿ ಗಲ್ಲಾದಲ್ಲಿ ಕೂರುವವಳು. ನಾವು ಭಟ್ಟರಲ್ಲ. ಆದರೂ ಅಡುಗೆಯವರೆಲ್ಲರೂ ಭಟ್ಟರೇ ಎಂಬ ನ್ಯಾಯದಂತೆ ಅಂಕಲ್ ನನ್ನ ತಂದೆಯನ್ನು "ಭಟ್ರೆ" ಎಂದೇ ಕರೆಯುತ್ತಿದ್ದರು. ತಂದೆ ಅವರನ್ನು "ಸಾರ್" ಎನ್ನುತ್ತಿದ್ದರು.

ಅಂಕಲ್ ಜೀವನವಿಡೀ ನಾಮಪತ್ರಗಳನ್ನು ಸ್ವೀಕರಿಸಿ ಪರಿಶೀಲಿಸಿದವರು. ಆ ಅಭ್ಯಾಸ ಕಡಲು ದಾಟಿದರೂ ಬಿಡಲಿಲ್ಲ. ಮೊದಲ ದಿನ ನಮ್ಮ ಹೋಟೆಲಿನ ಮೆನುವನ್ನು ಬೆಳಕಿಗೆ ಎತ್ತಿ ಹಿಡಿದು, ಹಿಂದೆ ಮುಂದೆ ನೋಡಿ, "ಮೂರು ತಪ್ಪಿದೆ. ದಿನಾಂಕ ಇಲ್ಲ. ಕ್ರಮಬದ್ಧವಾಗಿಲ್ಲ" ಎಂದು ಹಿಂತಿರುಗಿಸಿದರು. ದೋಸೆ ಚೆನ್ನಾಗಿದ್ದರೆ "ಕ್ರಮಬದ್ಧ" ಎನ್ನುತ್ತಿದ್ದರು. ಕಾಫಿ ತಣ್ಣಗಿದ್ದರೆ "ತಿರಸ್ಕೃತ." ಯಾರೋ ನನಗೊಂದು ವರನ ಫೋಟೋ ತೋರಿಸಿದಾಗ ಅದನ್ನೂ ಬೆಳಕಿಗೆ ಹಿಡಿದು, "ಸೂಚಕರು ಯಾರು?" ಎಂದು ಕೇಳಿದ್ದರು.

ಅವರ ಕಥೆಗಳೆಲ್ಲ ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ಮಧ್ಯಾಹ್ನ ಮೂರು ಗಂಟೆಗೆ ಮುಗಿಯುತ್ತಿದ್ದವು. "ಒಬ್ಬ ಎರಡು ಐವತ್ತೆಂಟಕ್ಕೆ ಓಡಿ ಬಂದ ಕಣಮ್ಮ. ಕೈಯಲ್ಲಿ ಪಕ್ಷದ ಬಿ ಫಾರಂ, ಒಂದೇ ಕಾಲಲ್ಲಿ ಚಪ್ಪಲಿ. ಎದುರು ಪಾರ್ಟಿಯೋನು ತಕರಾರು ತೆಗೆದ. ನಾನು ತಗೊಂಡೆ. ನಾಮಪತ್ರಕ್ಕೆ ಚಪ್ಪಲಿ ಕಡ್ಡಾಯ ಅಲ್ಲ."

ಊರಿನಲ್ಲಿ ಬಿ ಫಾರಂ ಎಂದರೆ, ಇಂಥವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದು ಕೊಡುವ ಕಾಗದ. ಅದು ಯಾರ ಕೈಗೆ ಬರುತ್ತದೆಂದು ಮೊದಲೇ ಹೇಳುವುದರಲ್ಲಿ ಅಂಕಲ್ ಇಡೀ ತಾಲ್ಲೂಕಿನಲ್ಲಿ ಹೆಸರುವಾಸಿಯಾಗಿದ್ದರಂತೆ. ಹೀಗಾಗಿ ಅಮೆರಿಕಾದ ಅಧ್ಯಕ್ಷೀಯ ಚುನಾವಣೆ ಸಮೀಪಿಸಿ, ಒಂದು ಪಕ್ಷದಲ್ಲಿ ಹತ್ತಾರು ಜನ ಆಕಾಂಕ್ಷಿಗಳು ನಿಂತಾಗ ಅವರಿಗೆ ಮರುಯೌವನ ಬಂತು. ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ ಎಂದು ತಿಳಿದ ದಿನವೇ ಗಲ್ಲಾದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಇಲ್ಲಿ ಬಿ ಫಾರಂ ಯಾರು ಕೊಡೋದು?"

"ಯಾರೂ ಕೊಡಲ್ಲ ಅಂಕಲ್. ಪ್ರೈಮರಿ ಅಂತ ನಡೆಯುತ್ತೆ. ಒಂದೊಂದೇ ಸ್ಟೇಟಲ್ಲಿ ಜನಾನೇ ಓಟ್ ಹಾಕಿ ಪಾರ್ಟಿ ಕ್ಯಾಂಡಿಡೇಟ್‌ನ ಸೆಲೆಕ್ಟ್ ಮಾಡ್ತಾರೆ."

"ಪಕ್ಷದ ಅಭ್ಯರ್ಥೀನ ಜನ ಆರಿಸಿದ್ರೆ ಪಕ್ಷ ಏನ್ ಮಾಡುತ್ತೆ?"

ಅದನ್ನೇ ಮರುದಿನ ಪ್ರಾಧ್ಯಾಪಕರನ್ನು ಕೇಳಿದೆ. ಅವರು ಎರಡು ತರಗತಿಗಳಷ್ಟು ಕಾಲ ಉತ್ತರಿಸಿದರು. ಆಮೇಲೂ ನನಗೆ ತಿಳಿಯಲಿಲ್ಲ.

ಅಂಕಲ್ ಮಾತ್ರ ಬಿಡಲಿಲ್ಲ. "ಎಲ್ಲೋ ಒಂದು ಹೈಕಮಾಂಡ್ ಇದ್ದೇ ಇರುತ್ತೆ. ನಿಂಗೆ ಗೊತ್ತಿಲ್ಲ ಅಷ್ಟೆ" ಎಂದು ನನ್ನ ಅಜ್ಞಾನದ ಬಗ್ಗೆ ಕನಿಕರಪಟ್ಟರು. ಒಂದು ರಾಜ್ಯದಲ್ಲಿ ಜನರು ಸಭಾಂಗಣದ ಮೂಲೆಮೂಲೆಗಳಲ್ಲಿ ಗುಂಪಾಗಿ ನಿಂತು ಎಲ್ಲರೆದುರೇ ತಮ್ಮ ಆಯ್ಕೆಯನ್ನು ತೋರಿಸುತ್ತಾರೆ ಎಂದು ನಾನು ವಿವರಿಸಿದಾಗ ಅವರ ಮುಖ ಬಿಳಿಚಿತು. "ಹೆಂಡ್ತಿ ಒಂದು ಮೂಲೇಲಿ ನಿಂತ್ರೆ ಗಂಡ ಯಾವ ಧೈರ್ಯದ ಮೇಲೆ ಇನ್ನೊಂದು ಮೂಲೆಗೆ ಹೋಗ್ತಾನಮ್ಮ?"

ಈ ಚರ್ಚೆಗಳಿಗೆ ಒಂದು ಅಡ್ಡಿಯಿತ್ತು. ಇಬ್ಬರು ಸಾಫ್ಟ್‌ವೇರ್ ಮಹನೀಯರು ರಾಜಕೀಯ ಮಾತನಾಡುತ್ತ ಪರಸ್ಪರರ ಮೇಲೆ ಸಾಂಬಾರಿನ ಬಟ್ಟಲು ಎತ್ತಿದ ಮೇಲೆ, ಮಾಲೀಕರು ಗೋಡೆಗೆ "ಇಲ್ಲಿ ರಾಜಕೀಯ ಮಾತನಾಡಬಾರದು" ಎಂಬ ಫಲಕ ಹಾಕಿದ್ದರು.

"ಏನ್ರೀ ಸರ, ಬೋರ್ಡ್ ಕಾಣಸವಲ್ದೇನ್ರೀ?" ಎಂದು ಅವರು ಒಂದು ದಿನ ಅಂಕಲ್‌ರನ್ನು ಕೇಳಿಯೇ ಬಿಟ್ಟರು.

"ಓದಿದೀನಿ. ತಿಂಡಿ ವಿಷಯ ಮಾತಾಡಬಾರದು ಅಂತ ಎಲ್ಲಿದೆ?"

ಅಂದಿನಿಂದ ಅಭ್ಯರ್ಥಿಗಳಿಗೆಲ್ಲ ತಿಂಡಿಗಳ ಹೆಸರು ಬಂತು. ಸಭೆಗಳಿಗೆ ಜನ ಸಾಲುಗಟ್ಟಿ ಬರುತ್ತಿದ್ದವರು ಮಸಾಲೆದೋಸೆ. ಕಾಲೇಜು ಹುಡುಗರು ಮುಗಿಬೀಳುತ್ತಿದ್ದವರು ಗೋಬಿ ಮಂಚೂರಿ. ಎಲ್ಲದಕ್ಕೂ ಯೋಜನೆ ಬರೆದಿಟ್ಟುಕೊಂಡಿದ್ದವರು ಓಟ್ಸ್ ಇಡ್ಲಿ. ಎಲ್ಲರೂ ಒಳ್ಳೆಯದೆನ್ನುತ್ತಾರೆ, ಯಾರೂ ಎರಡನೆಯ ಪ್ಲೇಟ್ ಕೇಳುವುದಿಲ್ಲ. ಟಿವಿ ತುಂಬ ತಮ್ಮದೇ ಜಾಹೀರಾತು ಹಾಕಿಸುತ್ತಿದ್ದವರು ಬಫೆ. ಯಾರಿಗೂ ಮೊದಲ ಆಯ್ಕೆಯಲ್ಲದ, ಆದರೆ ಯಾರ ಮನೆಯಲ್ಲೂ ತಪ್ಪದ ಒಬ್ಬರಿದ್ದರು. ಅವರು ಉಪ್ಪಿಟ್ಟು.

ಈ ಸಂಕೇತವನ್ನು ನನ್ನ ತಂದೆಗೆ ಯಾರೂ ತಿಳಿಸಿರಲಿಲ್ಲ. ಮೊದಲ ಕೆಲವು ರಾಜ್ಯಗಳ ಫಲಿತಾಂಶ ಬಂದ ಮರುದಿನ ಅಂಕಲ್ ಹೋಟೆಲಿಗೆ ಬಂದವರೇ, "ಉಪ್ಪಿಟ್ಟು ತಳ ಹಿಡೀತು ಕಣಮ್ಮ! ಇನ್ನು ಬಾಯಿಗಿಡೋ ಹಾಗಿಲ್ಲ!" ಎಂದು ಘೋಷಿಸಿದರು. ಒಳಗಿನಿಂದ ತಂದೆ ಕೈ ಒರೆಸಿಕೊಳ್ಳುತ್ತ ಹೊರಬಂದರು.

"ಯಾಕೆ ಸಾರ್, ಉಪ್ಪು ಕಮ್ಮಿ ಆಗಿದ್ಯಾ?"

"ಉಪ್ಪಲ್ಲ ಭಟ್ರೆ, ಉತ್ಸಾಹ ಕಮ್ಮಿ."

ತಂದೆ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮರುದಿನದಿಂದ ಉಪ್ಪಿಟ್ಟಿಗೆ ಶುಂಠಿ ಹೆಚ್ಚಿತು, ಗೋಡಂಬಿ ಬಂತು. ಅಂಕಲ್ ಅದನ್ನು ತಿಂದು "ಕ್ರಮಬದ್ಧ" ಎಂದರು. ಐದು ನಿಮಿಷದ ಬಳಿಕ ನನ್ನ ಕಡೆ ತಿರುಗಿ "ಉಪ್ಪಿಟ್ಟಿಗೆ ಭವಿಷ್ಯ ಇಲ್ಲ" ಎಂದರು. ತಂದೆ ಗೊಂದಲದಲ್ಲಿ ತುಪ್ಪವನ್ನೂ ಹೆಚ್ಚಿಸಿದರು.

ಅಂಕಲ್‌ರ ಭವಿಷ್ಯವಾಣಿಯ ವಿಧಾನವನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಅವರು ಸೋಮವಾರ ಮಸಾಲೆದೋಸೆ ಎಂದರೆ ಬುಧವಾರ ಬಫೆ ಎನ್ನುತ್ತಿದ್ದರು, ಶುಕ್ರವಾರ ಗೋಬಿ ಮಂಚೂರಿ. ಪ್ರತಿಯೊಂದನ್ನೂ ಬೇರೆ ಬೇರೆ ಮೇಜಿನವರಿಗೆ, ಆಣೆ ಇಟ್ಟಷ್ಟು ದೃಢವಾಗಿ ಹೇಳುತ್ತಿದ್ದರು. ಕೊನೆಗೆ ಯಾರೇ ಗೆದ್ದರೂ "ನಾನು ಹೇಳಿರಲಿಲ್ವಾ?" ಎನ್ನಲು ಒಂದು ಮೇಜು ಸಿಕ್ಕೇ ಸಿಗುತ್ತಿತ್ತು.

ನನ್ನ ಸ್ವಭಾವ ಇದಕ್ಕೆ ತದ್ವಿರುದ್ಧ. ನಾನು ಏನನ್ನೂ ಖಚಿತವಾಗಿ ಹೇಳಿದವಳಲ್ಲ. ಅಮ್ಮ ಕೆಲವೊಮ್ಮೆ, "ಮಳೆ ಬರುತ್ತಾ ಅಂತ ಕೇಳಿದ್ರೆ ಇವಳು ಮೂರು ಪುಟ ಬರೀತಾಳೆ" ಎಂದು ಆಡಿಕೊಳ್ಳುತ್ತಿದ್ದರು. ಆ ಚಳಿಗಾಲದಲ್ಲಿ ನನ್ನ ಈ ಸ್ವಭಾವವೇ ನನ್ನ ಕುತ್ತಿಗೆಗೆ ಬಂತು. ವಾಷಿಂಗ್ಟನ್ ಬಳಿ ಇರುವ ಒಂದು ಸಣ್ಣ ಸಮೀಕ್ಷಾ ಸಂಸ್ಥೆಗೆ ನಾನು ಅರ್ಜಿ ಹಾಕಿದ್ದೆ. ಕೊನೆಯ ಸುತ್ತಿಗೆ ಬಂದವರಿಗೆ ಅವರು ಒಂದೇ ಪರೀಕ್ಷೆ ಇಟ್ಟರು: ಈ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗುತ್ತಾರೆ? ಒಂದು ಹೆಸರು, ಎರಡು ಪುಟ, ಕಾರಣ. ಸೌತ್ ಕ್ಯಾರೊಲಿನಾದಲ್ಲಿ ಮತದಾನ ನಡೆಯುವ ಶನಿವಾರದ ಹಿಂದಿನ ದಿನ, ಮಧ್ಯಾಹ್ನ ಮೂರರೊಳಗೆ ಕಳಿಸಬೇಕು.

ಈ ಕೆಲಸ ನನಗೆ ಏಕೆ ಬೇಕಿತ್ತೆಂದು ಹೇಳಬೇಕು. ನಮ್ಮನ್ನು ಅಮೆರಿಕಾಕ್ಕೆ ಕರೆಸಿಕೊಂಡ ಸೋದರತ್ತೆ ನನಗೆ ಫಾರ್ಮಸಿ ಓದಲು ಹೇಳಿದ್ದರು. ನಾನು ಹಟ ಹಿಡಿದು ರಾಜ್ಯಶಾಸ್ತ್ರ ತೆಗೆದುಕೊಂಡಿದ್ದೆ. "ಈ ಓದಿಗೆ ಒಂದು ಕೆಲಸ ಸಿಕ್ರೆ ಸರಿ. ಇಲ್ಲಾಂದ್ರೆ ಬೇಸಿಗೆಗೆ ಅತ್ತೆ ಹೇಳಿದ ಕೋರ್ಸ್‌ಗೆ ಸೇರ್ಕೋ. ಹಿಂದೆ ನಿನ್ನ ತಂಗೀನೂ ಇದಾಳೆ" ಎಂದು ತಂದೆ ಮೆಲ್ಲಗೆ ಹೇಳಿದ್ದರು. ಅವರು ಗದರಿಸಿದ್ದರೆ ವಾದಿಸಬಹುದಿತ್ತು. ಮೆಲ್ಲಗೆ ಹೇಳಿದ್ದರಿಂದ ನನ್ನ ಬಳಿ ಉಳಿದದ್ದು ಆ ಎರಡು ಪುಟ ಮಾತ್ರ.

ಶುಕ್ರವಾರ ಬೆಳಿಗ್ಗೆ ಅಂಕಲ್ ಬಂದಾಗ ನಾನು ಗಲ್ಲಾದಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಉಗುರು ಕಚ್ಚುತ್ತಿದ್ದೆ. ವಿಷಯ ತಿಳಿದು ಅವರ ಕಣ್ಣು ಅರಳಿತು. "ಮೂರು ಗಂಟೆ ಅಂದ್ರಾ? ನೋಡಿದ್ಯಾ, ಯಾವ ದೇಶಕ್ಕೆ ಹೋದ್ರೂ ಮೂರೇ ಗಂಟೆ! ಪ್ರಿಂಟ್ ತೆಗಿ. ಪರಿಶೀಲನೆ ಮಾಡ್ತೀನಿ."

ಪ್ರಿಂಟ್ ತೆಗೆದು ಕೊಟ್ಟೆ. ಅವರು ಮೊದಲ ಪುಟವನ್ನು ಬೆಳಕಿಗೆ ಹಿಡಿದರು. ಆಮೇಲೆ ಕೆಂಪು ಪೆನ್ನು ತೆಗೆದರು.

"ಎಷ್ಟು ಪುಟ ಕೇಳಿದಾರೆ?"

"ಎರಡು."

"ಇದು?"

"ನಾಲ್ಕು, ಅಂಕಲ್."

"ಎಷ್ಟು ಹೆಸರು ಕೇಳಿದಾರೆ?"

"ಒಂದು."

"ನೀನು ಕೊಟ್ಟಿರೋದು?"

ನಾನು ಮನಸ್ಸಿನಲ್ಲೇ ಎಣಿಸಿದೆ. "ಐದು."

"ನಮ್ ತಾಲ್ಲೂಕಲ್ಲಿ ಒಬ್ಬ ಎರಡು ಪಕ್ಷದ ಬಿ ಫಾರಂ ತಂದಿದ್ದ. ಅವನೂ ನಿನ್ ಥರಾನೇ ಬುದ್ಧಿವಂತ. ಅಭ್ಯರ್ಥಿ ಹೆಸರು ಎಲ್ಲಿದೆ ಇದ್ರಲ್ಲಿ?"

"ಮೂರನೇ ಪುಟದಲ್ಲಿದೆ. ಈಗಿನ ಟ್ರೆಂಡ್ ಹೀಗೇ ಕಂಟಿನ್ಯೂ ಆದ್ರೆ, ಬೇರೆ ಫ್ಯಾಕ್ಟರ್‌ಗಳನ್ನ ಕನ್ಸಿಡರ್ ಮಾಡದೇ ಇದ್ರೆ..."

"ಅದು ಹೆಸರಲ್ಲಮ್ಮ, ಹವಾಮಾನ ವರದಿ." ಅವರು ನಾಲ್ಕೂ ಪುಟಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ದಿನಾಂಕಸಮೇತ ಸಹಿ ಹಾಕಿದರು. "ತಿರಸ್ಕೃತ."

ನನಗೆ ಅಳು ಬಂತು. ಜೊತೆಗೆ ಸಿಟ್ಟೂ ಬಂತು. "ನೀವು ದಿನಕ್ಕೊಂದು ಹೆಸರು ಹೇಳ್ತೀರಲ್ಲ ಅಂಕಲ್!"

"ನಾನು ಹೇಳೋದು ಕಾಫಿಗೆ. ನೀನು ಬರೆಯೋದು ಕೆಲಸಕ್ಕೆ."

"ತಪ್ಪಾದ್ರೆ?"

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ನಾನು ಅದುವರೆಗೆ ಕೇಳದಿದ್ದ ಸಣ್ಣ ದನಿಯಲ್ಲಿ ಹೇಳಿದರು. "ತಪ್ಪಾದ್ರೆ ಠೇವಣಿ ಹೋಗುತ್ತೆ. ಠೇವಣಿ ಕಳ್ಕೊಂಡೋರನ್ನ ಎಷ್ಟ್ ಜನಾನ ನೋಡಿದೀನಿ ಗೊತ್ತಾ? ಎಲ್ಲಾ ಮನೆಗೆ ಹೋಗಿ ಊಟ ಮಾಡಿ ಮಲಗ್ತಾರೆ. ಬೆಳಿಗ್ಗೆ ಎದ್ದು ಮತ್ತೆ ಟೀ ಅಂಗಡಿ ಮುಂದೆ ಬಂದು ನಿಲ್ತಾರೆ. ಹೆಸರೇ ಬರೀದೆ ಇದ್ರೆ ಠೇವಣಿನೂ ಇಲ್ಲ, ಚುನಾವಣೆನೂ ಇಲ್ಲ. ಹೇಳು, ನಿನ್ ಮನಸ್ಸಲ್ಲಿರೋದು ಯಾರು?"

ನನ್ನ ಮನಸ್ಸಿನಲ್ಲಿ ಒಬ್ಬರಿದ್ದರು. ಕಾಲೇಜಿನ ಸಮೀಕ್ಷಾ ಕೇಂದ್ರದ ಪರವಾಗಿ ನಾನು ಕೆಲವು ವಾರಗಳಿಂದ ಸೌತ್ ಕ್ಯಾರೊಲಿನಾದ ಮತದಾರರಿಗೆ ಫೋನ್ ಮಾಡಿ ಪ್ರಶ್ನೆ ಕೇಳುತ್ತಿದ್ದೆ. ಒಬ್ಬ ವೃದ್ಧೆ, ನನ್ನ ಪ್ರಶ್ನೆಗಳನ್ನೆಲ್ಲ ಸಹನೆಯಿಂದ ಕೇಳಿಸಿಕೊಂಡು, "ನನಗೆ ಯಾರು ಇಷ್ಟ ಎಂದು ಕೇಳಬೇಡ ಮಗಳೇ, ನಮ್ಮ ಬೀದಿಯವರು ಯಾರನ್ನು ಬೇಡ ಎನ್ನುವುದಿಲ್ಲ ಎಂದು ಕೇಳು" ಎಂದಿದ್ದರು. ಅಂದಿನಿಂದ ನಾನು ಪಟ್ಟಿಯ ಪ್ರಶ್ನೆಗಳು ಮುಗಿದ ಮೇಲೆ, ಸೌಜನ್ಯಕ್ಕೆಂಬಂತೆ, ಅದನ್ನೂ ಕೇಳತೊಡಗಿದ್ದೆ. ಮತ್ತೆ ಮತ್ತೆ ಒಂದೇ ಹೆಸರು ಬರುತ್ತಿತ್ತು. ಅದು ಪಟ್ಟಿಯಲ್ಲಿಲ್ಲದ ಪ್ರಶ್ನೆಯಾದ್ದರಿಂದ ಅದನ್ನು ಬರೆಯುವ ಧೈರ್ಯ ನನಗಿರಲಿಲ್ಲ.

"ಉಪ್ಪಿಟ್ಟು" ಎಂದೆ, ಕೇಳಿಸದಷ್ಟು ಮೆಲ್ಲಗೆ.

"ಏನು? ಜೋರಾಗಿ!"

"ಉಪ್ಪಿಟ್ಟು! ನಾಳೆ ಸೌತ್ ಕ್ಯಾರೊಲಿನಾದಲ್ಲಿ ಉಪ್ಪಿಟ್ಟೇ ಅಂಕಲ್. ಎಲ್ಲಾ ಕಡೆ. ಬೇರೆ ಏನೂ ಬೇಡ ಅಂತಾರೆ."

"ಮಸಾಲೆದೋಸೆ?"

"ಅಲ್ಲೊಂದು ಇಲ್ಲೊಂದು ಹೋಗಬಹುದು ಅಷ್ಟೆ."

"ಓಟ್ಸ್ ಇಡ್ಲಿ?"

"ಯಾರೂ ಕೇಳಲ್ಲ."

ಅಂಕಲ್ ಮೇಜು ಕುಟ್ಟಿದರು. "ಹಾಗಾದ್ರೆ ಬರ್ಕೋ! ಉಪ್ಪಿಟ್ಟು ಅಂತ ಒಂದೇ ಒಂದು ಬರ್ಕೊಂಡು ಮೂರು ಗಂಟೆಯೊಳಗೆ ಕಳಿಸು!"

ಬರೆದೆ. ಎರಡೇ ಪುಟ. ಮೊದಲ ಸಾಲಿನಲ್ಲೇ ಆ ಅಭ್ಯರ್ಥಿಯ ನಿಜನಾಮ, "ಆದರೆ" ಎಂಬ ಪದವಿಲ್ಲದೆ. ಕಳಿಸುವ ಗುಂಡಿ ಒತ್ತುವಾಗ ಅಂಕಲ್ ಕೈಗಡಿಯಾರವನ್ನು ಬೆರಳಿನಿಂದ ತಟ್ಟುತ್ತ ನಿಂತಿದ್ದರು. "ಎರಡು ಐವತ್ತೆಂಟು. ಸ್ವೀಕೃತ" ಎಂದರು.

ಮರುದಿನ ಬೆಳಿಗ್ಗೆ ನಾನು ಹೋಟೆಲಿಗೆ ಹೋದಾಗ ಬಾಗಿಲಿನಲ್ಲೇ ತುಪ್ಪದ ಒಗ್ಗರಣೆಯ ಘಮ ಬಂತು. ಒಳಗೆ ಅಲ್ಯೂಮಿನಿಯಂ ಟ್ರೇಗಳ ಸಾಲು. ಪ್ರತಿಯೊಂದರಲ್ಲೂ ಗೋಡಂಬಿ ಮೆರೆಯುವ ಉಪ್ಪಿಟ್ಟು. ಮಾಲೀಕರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

"ಇಷ್ಟೆಲ್ಲಾ ಯಾರ್ ಹೇಳ್ಯಾರ್ರೀ?"

"ನನ್ನ ಮಗಳೇ ನಿಮ್ಮ ಗಲ್ಲಾದಲ್ಲಿ ಕೂತು ಆರ್ಡರ್ ತಗೊಂಡ್ಳು. ಸೌತ್ ಕ್ಯಾರೊಲಿನಾಗೆ. ದೋಸೆ ಬೇಡ, ಇಡ್ಲಿ ಬೇಡ, ಬರೀ ಉಪ್ಪಿಟ್ಟು ಅಂತ. ಮೂರು ಗಂಟೆಯೊಳಗೆ ಕಳಿಸು ಅಂತ ಸಾರ್ ಕೂಡ ಕೂಗಿದ್ರಲ್ಲ!" ತಂದೆಯ ದನಿಯಲ್ಲಿ ಆತ್ಮವಿಶ್ವಾಸವಿತ್ತು. ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನ ಕನ್ನಡದವರು ಆಗಾಗ ನಮ್ಮಲ್ಲಿ ತಿಂಡಿ ತರಿಸುತ್ತಿದ್ದುದೂ ನಿಜ.

ಮಾಲೀಕರು ನನ್ನನ್ನು ನೋಡಿದರು. ನಾನು ಫಲಕವನ್ನು ನೋಡಿದೆ. ರಾಜಕೀಯ ಮಾತನಾಡುತ್ತಿದ್ದೆವೆಂದು ಒಪ್ಪಿಕೊಳ್ಳುವುದು ಸಾಧ್ಯವಿರಲಿಲ್ಲ. "ಇದೆಲ್ಲಾ ಖಾಲಿ ಮಾಡ್ಕೊಂಡು ಬರ್ರಿ. ಇಲ್ಲಾಂದ್ರ ಬರಬ್ಯಾಡ್ರಿ" ಎಂದು ಅವರು ತಂದೆಯ ಕೈಗೆ ವ್ಯಾನಿನ ಕೀಲಿಕೈ ಕೊಟ್ಟರು.

ಶನಿವಾರವಾದರೂ ಅಂಕಲ್ ಹತ್ತಕ್ಕೇ ಬಂದು, ಕಥೆ ಕೇಳಿ, ನಗಲಿಲ್ಲ. ಹೊಣೆ ಹೊತ್ತರು. ಗ್ರೀನ್‌ವಿಲ್‌ನಲ್ಲಿದ್ದ ತಮ್ಮ ಹಳೆಯ ಸಹೋದ್ಯೋಗಿಯ ಮಗನಿಗೆ ಫೋನ್ ಮಾಡಿ, ಸಂಜೆ ಅವರ ಮನೆಯ ಭಜನೆಯಲ್ಲಿ ಉಪ್ಪಿಟ್ಟಿನ ವಿಲೇವಾರಿಗೆ ಒಪ್ಪಿಸಿದರು. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಮೂವರೂ ಹೊರಟೆವು. ತಂದೆ ವ್ಯಾನು ನಡೆಸುತ್ತಿದ್ದರು, ಅಂಕಲ್ ಪಕ್ಕದಲ್ಲಿ, ನಾನು ಹಿಂದೆ ಟ್ರೇಗಳನ್ನು ಹಿಡಿದುಕೊಂಡು. ಊರು ಸಮೀಪಿಸಿದಾಗ ಒಂದು ಚರ್ಚಿನ ಮುಂದೆ ಮತದಾನದ ಫಲಕ ಕಂಡಿತು.

"ಭಟ್ರೆ, ನಿಲ್ಸಿ! ಮತಗಟ್ಟೆ!"

ನಿವೃತ್ತ ಅಧಿಕಾರಿಯೊಬ್ಬರು ಬೇರೊಬ್ಬರ ಕಚೇರಿಯನ್ನು ತಪಾಸಣೆ ಮಾಡುವ ಗಾಂಭೀರ್ಯದಿಂದ ಅವರು ಕೆಳಗಿಳಿದರು. ಬಿದಿರಿನ ಬೇಲಿ ಇಲ್ಲ. ಲಾಠಿ ಹಿಡಿದ ಪೊಲೀಸರಿಲ್ಲ. ಹೊರಬರುತ್ತಿದ್ದವರ ಎಡಗೈ ಬೆರಳುಗಳನ್ನು ದೂರದಿಂದಲೇ ಪರೀಕ್ಷಿಸಿ ತಿರುಗಿ ಬಂದರು. "ಶಾಯಿ ಇಲ್ಲ! ಓಟ್ ಹಾಕಿದೆ ಅಂತ ಅಂಗಿಗೆ ಚೀಟಿ ಅಂಟಿಸಿ ಕಳಿಸ್ತಾರೆ. ಕಿತ್ತು ಇನ್ನೊಬ್ರಿಗೆ ಅಂಟಿಸಿದ್ರೆ?"

ಅಷ್ಟರಲ್ಲಿ ತಂದೆ ಗಾಳಿಯಾಡಲೆಂದು ವ್ಯಾನಿನ ಹಿಂಬಾಗಿಲು ತೆರೆದಿದ್ದರು. ಟೋಪಿ ಧರಿಸಿದ ಒಬ್ಬ ಹಿರಿಯ ಮಹಿಳೆ, ಘಮವನ್ನು ಹಿಂಬಾಲಿಸಿಕೊಂಡು ಬಂದು, ಇದೇನೆಂದು ಕೇಳಿದರು. ಒಳಗೆ ಕೆಲಸದಲ್ಲಿದ್ದ ತಮ್ಮ ತಂಗಿಗಾಗಿ ಕಾಯುತ್ತಿದ್ದರಂತೆ. ತಂದೆ ಸಂತೋಷದಿಂದ ತಟ್ಟೆ ಎತ್ತಿದರು. ಅಂಕಲ್ ಓಡಿಬಂದು ಇಬ್ಬರ ನಡುವೆ ಕೈ ಚಾಚಿ ನಿಂತರು.

"ಭಟ್ರೆ! ಮತದಾರರಿಗೆ ತಿಂಡಿ ಹಂಚ್ತೀರಾ? ನೀತಿ ಸಂಹಿತೆ! ಒಳಗೆ ಹಾಕ್ತಾರೆ!" ಆಮೇಲೆ ಆಕೆಯ ಕಡೆ ತಿರುಗಿ, "ನೋ ಮೇಡಂ. ಇಲೆಕ್ಷನ್ ಡೇ. ಆಫ್ಟರ್ ಸೆವೆನ್, ಪ್ಲೀಸ್" ಎಂದರು.

"ಸಾರ್, ಪಾಪ, ವಯಸ್ಸಾದೋರು..."

"ವಯಸ್ಸಾದೋರಿಗೂ ಓಟಿದೆ!"

ಆಕೆ ಮನಸಾರೆ ನಕ್ಕು, ಕಾಯುತ್ತೇನೆ ಎಂದರು. ಕಾದರು ಕೂಡ. ಭಜನೆಗೆ ಹೊತ್ತಾಗುತ್ತಿದೆಯೆಂದು ತಂದೆ ಎಷ್ಟು ಹೇಳಿದರೂ ಅಂಕಲ್ ಕದಲಲಿಲ್ಲ. ತಾವಿರುವಾಗ ಮತಗಟ್ಟೆಯನ್ನು ಮುಚ್ಚದೆ ಬಿಟ್ಟುಹೋಗುವುದು ಅವರ ಸೇವಾ ನಿಯಮದಲ್ಲಿರಲಿಲ್ಲ.

ಏಳು ಹೊಡೆಯಿತು. ಚರ್ಚಿನ ಬಾಗಿಲು ಮುಚ್ಚಿತು. ಮರುಕ್ಷಣವೇ ನನ್ನ ಫೋನು ನಡುಗಿತು. ಟಿವಿಯವರು ವಿಜೇತರನ್ನು ಘೋಷಿಸಿದ್ದರು.

"ಉಪ್ಪಿಟ್ಟು, ಅಂಕಲ್. ಉಪ್ಪಿಟ್ಟೇ."

"ಎಣಿಕೆ ಆಯ್ತಾ?"

"ಇನ್ನೂ ಇಲ್ಲ. ಪ್ರೊಜೆಕ್ಷನ್."

"ಪೆಟ್ಟಿಗೆ ಒಳಗಿದೆ, ಫಲಿತಾಂಶ ಹೊರಗೆ ಬಂತಾ? ನಮ್ ಕಡೆ ಹೀಗ್ ಮಾಡಿದ್ರೆ ಸಸ್ಪೆಂಡ್ ಮಾಡ್ತಿದ್ರು!" ಎಂದು ಅವರು ಗುಡುಗಿದರು. ಆದರೆ ಅವರ ಕೈ ನನ್ನ ತಲೆಯ ಮೇಲಿತ್ತು.

ಟೋಪಿಯ ಮಹಿಳೆಗೆ ಮೊದಲ ತಟ್ಟೆ ಸಂದಿತು. ಅವರು ಒಂದು ಚಮಚ ಬಾಯಿಗಿಟ್ಟು, ಕಣ್ಣರಳಿಸಿ, "ಇದು ನಮ್ಮ ಗ್ರಿಟ್ಸ್! ಯಾರಿದಕ್ಕೆ ಸಾಸಿವೆ ಹಾಕಿದ್ದು?" ಎಂದು ಇಂಗ್ಲಿಷಿನಲ್ಲಿ ಕೂಗಿ, ಒಳಗಿದ್ದ ತಂಗಿಯನ್ನೂ ಆಕೆಯ ಸಹೋದ್ಯೋಗಿಗಳನ್ನೂ ಕರೆದರು. ಗ್ರಿಟ್ಸ್ ಎಂದರೆ ಆ ಸೀಮೆಯವರು ಬೆಳಿಗ್ಗೆ ತಿನ್ನುವ ಮೆಕ್ಕೆಜೋಳದ ನುಚ್ಚಿನ ಗಂಜಿ. ಅಲ್ಲಿಯೇ, ವ್ಯಾನಿನ ಬಳಿ ನಿಂತು, ನಾನು ತಂದೆಗೆ ತಿಂಡಿಗಳ ಗುಟ್ಟನ್ನೆಲ್ಲ ಹೇಳಿದೆ. ಅವರು ಸೌಟನ್ನು ಟ್ರೇಯಲ್ಲಿಟ್ಟು ಅಂಕಲ್ ಕಡೆ ತಿರುಗಿದರು.

"ಅಂದ್ರೆ ಸಾರ್, ಇಷ್ಟು ದಿನ ನೀವು ಬೈದಿದ್ದು ನನ್ನ ಉಪ್ಪಿಟ್ಟನ್ನ ಅಲ್ವಾ?"

"ಅಲ್ಲ ಭಟ್ರೆ."

"ಗೋಡಂಬಿ ಸುಮ್ನೆ ಹಾಕ್ದೆ."

ಉಳಿದ ಟ್ರೇಗಳು ಆ ರಾತ್ರಿ ಭಜನೆಯಲ್ಲಿ ಖಾಲಿಯಾದವು. ಕೆಲವೇ ವಾರಗಳಲ್ಲಿ ಆ ಪಕ್ಷದ ಸ್ಪರ್ಧೆ ಮುಗಿಯಿತು. ನಾನು ಬರೆದ ಹೆಸರೇ ಉಳಿಯಿತು. ಅಷ್ಟರಲ್ಲಿ ಸಾಂಕ್ರಾಮಿಕ ಬಂದು ಎಲ್ಲವೂ ಮುಚ್ಚಿತ್ತು, ನಮ್ಮ ಹೋಟೆಲೂ ಸಹ. ಸಂಸ್ಥೆಯವರು ಫೋನ್ ಮಾಡಿ ಕೆಲಸ ಕೊಡುವುದಾಗಿ ತಿಳಿಸಿದಾಗ ನಾನು ಕಾರಣ ಕೇಳಿದೆ. ಹೆದರುವವರಿಗೆ ಕಾರಣ ಬೇಕಾಗುತ್ತದೆ. ಹೆಸರು ಸರಿಯಾಗಿದ್ದುದಕ್ಕಲ್ಲ, ಹೆಸರು ಇದ್ದುದಕ್ಕೆ ಎಂದರು. ಅಂಕಲ್‌ಗೆ ತಿಳಿಸಿದೆ. "ಉಪ್ಪಿಟ್ಟೇ ಅಂತ ನಾನು ಹೇಳಿರಲಿಲ್ವಾ?" ಎಂದರು.

ಆಮೇಲಿನ ವರ್ಷಗಳಲ್ಲಿ ನಮ್ಮ ಮಾತು ಫೋನಿನಲ್ಲಿಯೇ. ಅವರು ಅಮೆರಿಕಾದ ಪೌರರಾದರು. ಸಂದರ್ಶನದಲ್ಲಿ ಅಧಿಕಾರಿ, ಈಗಿನ ಅಧ್ಯಕ್ಷರು ಯಾರೆಂದು ಕೇಳಿದಾಗ ಸರಿಯಾಗಿ ಉತ್ತರಿಸಿ, ಮುಂದಿನವರು ಬೇಕೇ ಎಂದು ಕೇಳಿದರಂತೆ. ಮುಂದಿನ ಅಧ್ಯಕ್ಷೀಯ ಚುನಾವಣೆಯ ವರ್ಷ ಜಾರ್ಜಿಯಾದ ಪ್ರೈಮರಿಯಲ್ಲಿ ಮೊದಲ ಸಲ ಮತ ಹಾಕಲು ಹೋದಾಗ, ಅಲ್ಲಿನ ಸಿಬ್ಬಂದಿ ವಾಡಿಕೆಯಂತೆ ಯಾವ ಪಕ್ಷದ ಮತಪತ್ರ ಬೇಕೆಂದು ಕೇಳಿದರು. "ಗುಪ್ತ ಮತದಾನ ಕಣಮ್ಮ! ಅಷ್ಟ್ ಜನದ ಮುಂದೆ ಬಾಯಿಬಿಟ್ಟು ಕೇಳ್ತಾಳೆ!" ಅವರು ಒಂದು ಚೀಟಿಯಲ್ಲಿ ಪಕ್ಷದ ಹೆಸರು ಬರೆದು, ನಾಲ್ಕು ಮಡಿಕೆ ಮಾಡಿ, ಆಕೆಗೆ ಕೊಟ್ಟರಂತೆ. ಆಕೆ ಬಿಡಿಸಿ ಜೋರಾಗಿ ಓದಿದರಂತೆ.

ಅದೇ ವರ್ಷದ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ಅವರ ಕರೆ ಬಂತು. ಒಂದು ಪಕ್ಷದ ಅಭ್ಯರ್ಥಿ, ಪ್ರೈಮರಿಗಳೆಲ್ಲ ಮುಗಿದ ಮೇಲೆ, ಕಣದಿಂದ ಹಿಂದೆ ಸರಿದಿದ್ದರು. ಅಂಕಲ್‌ಗೆ ಉಸಿರು ಸಿಗುತ್ತಿರಲಿಲ್ಲ. "ನಾಮಪತ್ರ ವಾಪಸ್! ನೋಡಿದ್ಯಾ? ಜನ ಆರಿಸ್ತಾರೆ ಅಂದ್ಯಲ್ಲ? ಹೈಕಮಾಂಡ್ ಇದೆ! ಇಲ್ಲೂ ಇದೆ! ನಾನು ಹೇಳಿರಲಿಲ್ವಾ?" ಈ ಸಲ ಅವರು ನಿಜವಾಗಿಯೂ ಹೇಳಿದ್ದರು. ನನ್ನ ಪ್ರಾಧ್ಯಾಪಕರಿಗೂ ತಿಳಿಸುವಂತೆ ಒತ್ತಾಯಿಸಿದರು. ತಿಳಿಸಿದೆ.

ಕಳೆದ ಚಳಿಗಾಲದಲ್ಲಿ ಅವರ ಆರೋಗ್ಯ ಕೆಟ್ಟಿತೆಂದು ತಿಳಿದು ಜಾನ್ಸ್ ಕ್ರೀಕಿಗೆ ಹೋಗಿದ್ದೆ. ದಿಂಬಿಗೆ ಒರಗಿ ಕುಳಿತಿದ್ದರು. ಉತ್ಸಾಹ ಬರಲಿ ಎಂದು, "ಮುಂದಿನ ಸಲ ಯಾರು ಅಂಕಲ್?" ಎಂದು ಕೇಳಿದೆ. ಐದು ಹೆಸರುಗಳನ್ನು ನಿರೀಕ್ಷಿಸಿದ್ದೆ.

"ಗೊತ್ತಿಲ್ಲ ಮಗಾ" ಎಂದರು. ನಾನು ಅವರ ಬಾಯಿಂದ ಆ ಪದ ಕೇಳಿದ್ದು ಅದೊಂದೇ ಸಲ. ಆಮೇಲೆ "ನೀನು ಹೇಳು" ಎಂದರು.

ಹೇಳಿದೆ.

"ಗ್ಯಾರಂಟಿನಾ?"

"ಇಲ್ಲ ಅಂಕಲ್."

"ಪರವಾಗಿಲ್ಲ. ಹೇಳಿದ್ಯಲ್ಲ" ಎಂದು ಕಣ್ಣು ಮುಚ್ಚಿದರು. ಎರಡು ವಾರಗಳ ನಂತರ ತೀರಿಕೊಂಡರು.

ಇನ್ನು ನಮ್ಮ ಮನೆಯ ವಿಷಯ. ಆ ಹೋಟೆಲು ಮತ್ತೆ ತೆರೆಯಲಿಲ್ಲ. ಸಾಂಕ್ರಾಮಿಕದ ವರ್ಷವಿಡೀ ನಮ್ಮ ಮನೆಗೆ ಬಂದದ್ದು ನನ್ನ ಸಂಬಳ ಒಂದೇ. ಈಗ ನಾವು, ನನ್ನ ಕಚೇರಿಗೆ ಹತ್ತಿರವೆಂದು, ವರ್ಜಿನಿಯಾದ ಸೆಂಟರ್‌ವಿಲ್‌ನಲ್ಲಿದ್ದೇವೆ. ತಂದೆ ವೃದ್ಧರ ಕೇಂದ್ರವೊಂದರ ಅಡುಗೆಮನೆಯಲ್ಲಿ ಹಗಲು ಮಾತ್ರ ಕೆಲಸ ಮಾಡುತ್ತಾರೆ. ಅವರಿಗೆ ಭಾನುವಾರ ರಜೆ. ಅಮ್ಮ ಕಾರು ಓಡಿಸುವುದನ್ನು ಕಲಿತಿದ್ದಾರೆ. ಸೋದರತ್ತೆ ಫಾರ್ಮಸಿಯ ಮಾತೆತ್ತುವುದಿಲ್ಲ. ತಂಗಿ ಈ ವರ್ಷ ಕಾಲೇಜು ಸೇರಿದಳು. ಅರ್ಜಿ ತುಂಬುವಾಗ, ಕುಟುಂಬದಲ್ಲಿ ಪದವಿಗೆ ಹೋಗುತ್ತಿರುವವರಲ್ಲಿ ನೀವೇ ಮೊದಲಿಗರೇ ಎಂಬ ಪ್ರಶ್ನೆ ಬಂತು. "ಅಕ್ಕ, ನಾನು ಫಸ್ಟ್ ಅಲ್ಲ ಅಲ್ವಾ? ನೋ ಅಂತ ಟಿಕ್ ಮಾಡ್ಲಾ?" ಎಂದಳು. ತಂದೆತಾಯಿ ಓದಿರದಿದ್ದರೆ ನಿಯಮದ ಪ್ರಕಾರ ಹೌದೆಂದೇ ಬರೆಯಬೇಕು, ಅಕ್ಕನನ್ನು ಪರಿಗಣಿಸುವುದಿಲ್ಲ ಎಂದು ನಾನು ತಿದ್ದಿದೆ. "ಬಟ್ ಯೂ ವೆಂಟ್" ಎಂದು ಅವಳು ಹುಬ್ಬು ಗಂಟಿಕ್ಕಿದಳು. ಆಮೇಲೆ ಉಳಿದ ಪುಟಗಳನ್ನು ಟಿವಿ ನೋಡುತ್ತಲೇ ತುಂಬಿ, ನನಗೆ ತೋರಿಸದೆಯೇ ಕಳಿಸಿಬಿಟ್ಟಳು.